ಕೆಳಗಿನ ಮನೆಯ ಆಂಟಿ ಮತ್ತು ನನ್ನ ಹಬ್ಬಗಳು

ಅವರ ಹಣೆಯ ವಿಭೂತಿ ಎಂದೂ ನೇರವಾಗಿರುತ್ತಿರಲಿಲ್ಲ. ಬಲಗೈ ನಡುಗುತ್ತಿದ್ದುದರಿಂದ ಗೆರೆಗಳು ಹುಬ್ಬಿನ ಕಡೆಗೆ ಇಳಿದು, ಕೆಲವು ದಿನ ಕಿವಿಯವರೆಗೂ ಹೋಗುತ್ತಿದ್ದವು. ಕನ್ನಡಿ ನೋಡಿಕೊಳ್ಳಿ ಆಂಟಿ ಎಂದರೆ, "ಹಚ್ಕೊಂಡಿದೀನಿ ಅಂತ ನಂಗೆ ಗೊತ್ತು, ಅವನಿಗೆ ಗೊತ್ತು, ಸಾಕು ಬಿಡು" ಎನ್ನುತ್ತಿದ್ದರು.

ಬಸವೇಶ್ವರನಗರದಲ್ಲಿ ನನ್ನ ಬಾಡಿಗೆ ಮನೆಯ ಕೆಳಗೆ ಅವರ ಮನೆ. ಮದುವೆಯಾಗಿರಲಿಲ್ಲ, ಬಿನ್ನಿಪೇಟೆಯ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಕೆಳಗೆ ಅವರೊಬ್ಬರೇ, ಮೇಲೆ ನಾನೊಬ್ಬಳೇ. ಬಹಳ ಕಾಲ ನೀರಿನ ಮೋಟರ್ ವಿಷಯ ಬಿಟ್ಟರೆ ನಮಗೆ ಮಾತೇ ಇರಲಿಲ್ಲ.

ನನಗಾಗ ತಿನ್ನುವ ಕಾಯಿಲೆ. ಹಸಿವಿಗಲ್ಲ, ರುಚಿಗೂ ಅಲ್ಲ. ಬಾಗಿಲು ಹಾಕಿಕೊಂಡು, ನಿಂತುಕೊಂಡೇ, ಹೊಟ್ಟೆ ನೋಯುವವರೆಗೆ ತಿನ್ನುತ್ತಿದ್ದೆ. ನಾಚಿಕೆಯಿಂದ ಮರುದಿನವೆಲ್ಲ ಉಪವಾಸ. ಆ ಉಪವಾಸ ಮುರಿಯುವುದೂ ಅದೇ ಬಾಗಿಲ ಹಿಂದೆ. ಡಾಕ್ಟರ ಹತ್ತಿರ ಹೋಗಲು ಶುರುಮಾಡಿದ ಮೇಲೆ ಕೊಂಚ ಸುಧಾರಿಸಿದ್ದೆ. ಆದರೂ ಹಬ್ಬ ಹತ್ತಿರ ಬಂತೆಂದರೆ ಹೆದರಿಕೆ.

ಆ ದೀಪಾವಳಿಗೆ ವಿಜಯನಗರದ ಅಣ್ಣನ ಮನೆಗೆ ಊಟಕ್ಕೆ ಹೋಗಿದ್ದೆ. "ಹಬ್ಬದ ದಿನ ಎಂಥ ಡಯೆಟ್ಟೇ? ತಿನ್ನು" ಎಂದು ಅತ್ತಿಗೆ ಎಲೆಗೆ ಹೋಳಿಗೆ ಹಾಕಿದರು. ಪಕ್ಕದಲ್ಲಿದ್ದ ಅವರ ತಂಗಿ, "ಬೇಡ ಬಿಡಕ್ಕ, ಆಗ್ಲೇ ಎಷ್ಟು ದಪ್ಪ ಆಗಿದಾರೆ ನೋಡು" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹೊರಡುವಾಗ ಡಬ್ಬಿ ತುಂಬ ಕಜ್ಜಾಯ ಕೊಟ್ಟರು. ಮನೆ ತಲುಪಿದವಳಿಗೆ ಮೇಲಿನವರೆಗೆ ಹತ್ತಿ ಹೋಗುವಷ್ಟು ಹೊತ್ತೂ ತಡೆಯಲಾಗಲಿಲ್ಲ. ಮೆಟ್ಟಿಲ ಮೇಲೆಯೇ ಕೂತು ತಿನ್ನುತ್ತಿದ್ದಾಗ, ಹೊಸ್ತಿಲಿಗೆ ದೀಪ ಇಡಲು ಆಂಟಿ ಹೊರಗೆ ಬಂದರು. ನನ್ನ ಬಾಯಿ ತುಂಬಿತ್ತು. ಕಣ್ಣೂ ತುಂಬಿತ್ತು.

ಅವರು ಡಬ್ಬಿಯ ಕಡೆ ನೋಡಲೇ ಇಲ್ಲ. "ಪೂಜೆ ಹೊತ್ತಾಯ್ತು. ಒಳಗೆ ಬಂದು ಕೂತ್ಕೊಳ್ಳೇ. ಹಬ್ಬದ ದಿನ ಒಬ್ಳೇ ಕೂರೋದು ನಂಗೂ ಆಗಲ್ಲ" ಎಂದರು.

ಕೊರಳಿನ ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿಟ್ಟುಕೊಂಡು, ಒಂದು ಪತ್ರೆ ಏರಿಸಿ, ಅದನ್ನೇ ನೋಡುತ್ತ ಕೂತರು. ಗಂಟೆಯಿಲ್ಲ, ಮಂತ್ರವಿಲ್ಲ. ಹೊರಗೆ ಪಟಾಕಿಗೆ ಕಿಟಕಿ ಅದುರುತ್ತಿತ್ತು. ಅವರ ರೆಪ್ಪೆ ಅದುರಲಿಲ್ಲ. ನಾನು ಅವರ ಮುಖ ನೋಡುತ್ತ ಕೂತೆ. ಇನ್ನೂ ತಿನ್ನಬೇಕೆಂಬ ಒತ್ತಡ ಏರಿತು, ಮತ್ತೂ ಏರಿತು, ಯಾವಾಗಲೋ ಇಳಿಯಿತು. ಅದು ತಾನಾಗಿ ಇಳಿಯುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಅಷ್ಟು ಹೊತ್ತು ನಾನೆಂದೂ ಕಾದವಳಲ್ಲ.

ಪೂಜೆ ಮುಗಿಸಿ ಅವರು, "ನಾಳೆ ಉಪವಾಸ ಗಿಪವಾಸ ಅಂತ ಕೂರ್ಬೇಡ. ತಿಂಡಿಗೆ ಇಲ್ಲಿಗೇ ಬಾ" ಎಂದರು.

"ಉಪವಾಸದ ವಿಷಯ ನಿಮಗೆ ಹೇಗೆ ಗೊತ್ತು ಆಂಟಿ?"

"ಕೆಲವು ದಿನ ನಿನ್ ಅಡುಗೆಮನೇಲಿ ಒಂದು ಲೋಟದ ಸದ್ದೂ ಇರಲ್ಲ. ಮೇಲಿನ ಸದ್ದು ಕೇಳ್ಕೊಂಡೇ ಅಲ್ವಾ ನಾನು ದಿನ ದೂಡ್ತಿರೋದು?"

ಬೆಳಿಗ್ಗೆ ಉಪ್ಪಿಟ್ಟಿನ ಜೊತೆ ತಟ್ಟೆಯಲ್ಲಿ ಒಂದು ಕಜ್ಜಾಯವನ್ನೂ ಇಟ್ಟರು. ನಾನು ಕೈಯಿಡಲಿಲ್ಲ. "ಕೂತು ತಿನ್ನೇ. ಬಚ್ಚಿಟ್ಕೊಂಡು ತಿನ್ನಕ್ಕೆ ಇದೇನು ಕದ್ದಿದ್ದಾ?" ಎಂದು ತಾವೂ ಒಂದು ಹಾಕಿಕೊಂಡು ಎದುರಿಗೆ ಕೂತರು. ಸಿಹಿಯೊಂದನ್ನು ಅಗಿದು, ನಿಧಾನವಾಗಿ, ಇನ್ನೊಬ್ಬರ ಮುಂದೆ ತಿಂದು ಎಷ್ಟು ವರ್ಷವಾಗಿತ್ತೋ.

ಆಮೇಲೆ ಹಬ್ಬದ ಸಂಜೆಗಳನ್ನು ಅವರ ಪೂಜೆಯ ಕೋಣೆಯಲ್ಲೇ ಕಳೆದೆ. ಎಲ್ಲ ವಾಸಿಯಾಯಿತೆಂದೇನೂ ಅಲ್ಲ. ಸಂಕ್ರಾಂತಿಗೆ ಮತ್ತೆ ಜಾರಿದೆ. ಹೇಳಿಕೊಂಡು ಅತ್ತಾಗ ಅವರು ಕೇಳಿದ್ದಿಷ್ಟೇ: "ಸರಿ. ಈಗ ಊಟಕ್ಕೆ ಏನ್ ಮಾಡಣ?"

ಕಳೆದ ಆಷಾಢದಲ್ಲಿ ಜ್ವರವೆಂದು ಆಸ್ಪತ್ರೆ ಸೇರಿದವರು ಮನೆಗೆ ಬರಲಿಲ್ಲ, ಅಲ್ಲೇ ತೀರಿಕೊಂಡರು. ತಿಪಟೂರಿನಿಂದ ಬಂದ ಅವರ ತಮ್ಮನ ಮಗ, "ನೀವು ಅವರಿಗೆ ಏನಾಗ್ಬೇಕು?" ಎಂದು ಕೇಳಿದ. ಮೇಲಿನ ಮನೆಯವಳು ಎಂದೆ. ಬೇರೆ ಹೆಸರಿನ ಸಂಬಂಧ ನಮಗಿರಲಿಲ್ಲ. ಆತ ತಲೆಯಾಡಿಸಿ, ಅವರನ್ನು ಊರಿಗೆ ಕರೆದೊಯ್ಯುವ ಗಾಡಿಯ ಕಡೆ ಹೋದ.

ಈ ಸಲ ಗೌರಿ ಹಬ್ಬದ ಸಂಜೆ ನನ್ನ ಕೋಣೆಯಲ್ಲೇ ಗೋಡೆಗೊರಗಿ ಕೂತೆ. ನಾನು ಅಂಥ ಭಕ್ತೆಯಲ್ಲ. ಎದುರಿಗೆ ದೇವರೂ ಇರಲಿಲ್ಲ. ಸುಮ್ಮನೆ ಕೂತೆ, ಮನಸ್ಸು ತಿಳಿಯಾಗುವವರೆಗೂ ಕೂತೆ. ಆಮೇಲೆ ಎದ್ದು ಅಕ್ಕಿ ತೊಳೆದು ಕುಕ್ಕರ್ ಇಟ್ಟೆ. ಬೀದಿಯಲ್ಲಿ ಗಣೇಶನ ಪೆಂಡಾಲು ಕಟ್ಟುತ್ತಿದ್ದರು. ಅನ್ನ ಸಾರು ಚೆನ್ನಾಗಿತ್ತು. ಹಾಗೆಂದು ಹೇಳಲು ಯಾರೂ ಇರಲಿಲ್ಲ.