ಒಲೆಕಟ್ಟೆಯ ಮೇಲಿಟ್ಟ ಕಿಣ್ವ

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಶುರುವಾಯಿತೆಂದರೆ ಮಲ್ಲಂದೂರಿನ ನಮ್ಮ ಹಿತ್ತಲಿನವರೆಗೂ ಹುಳಿಬೆರೆತ ಸಿಹಿ ವಾಸನೆ ಬರುತ್ತದೆ. ಆ ವಾಸನೆ ಬಂದಾಗೆಲ್ಲ ನನಗೆ ನೆನಪಾಗುವುದು ಮಗಳು ಓದು ಮುಗಿಸಿದ ವರ್ಷದ ಚಳಿಗಾಲ. ಆಗ ನಮ್ಮ ಅತ್ತೆಯವರಿದ್ದರು.

ಮಗಳದು ಸಕ್ಕರೆಯಿಂದ ಕರೆಂಟು ಮಾಡುವ ಕೆಲಸ. ಕಾಫಿ ಹಣ್ಣಿನ ಲೋಳೆಯಲ್ಲಿ ಸಿಹಿ ಇದೆಯಲ್ಲ, ಅದರಿಂದ ವಿದ್ಯುತ್ತಿನ ಕಣಗಳನ್ನು ಬಿಡಿಸಿ ತಂತಿಗೆ ದಾಟಿಸುವುದಕ್ಕೆ ಒಂದು ಕಿಣ್ವ ಬೇಕಂತೆ. ಹಾಗೆ ದಾಟಿಸಿಯೂ ಅದು ತಾನು ಖರ್ಚಾಗುವುದಿಲ್ಲವಂತೆ. ತಾಜಾ ಲೋಳೆಯಲ್ಲಿ ಪರೀಕ್ಷೆ ಮಾಡಲೆಂದೇ ಅವಳು ಊರಿಗೆ ಬಂದಿದ್ದಳು. ಸೋಮವಾರ ಕಾಲೇಜಿನಲ್ಲಿ ಪರೀಕ್ಷಕರ ಮುಂದೆ ಅದನ್ನು ನಡೆಸಿ ತೋರಿಸದಿದ್ದರೆ ವರ್ಷದ ಓದು ವ್ಯರ್ಥ. ಮೇಷ್ಟ್ರು ಕೊಟ್ಟ ಕಿಣ್ವವೆಲ್ಲ ಒಂದು ಪುಟ್ಟ ಸೀಸೆಯಲ್ಲಿತ್ತು. ಅದರಲ್ಲಿ ಸ್ವಲ್ಪವನ್ನು ಕಾರ್ಬನ್ ಬಟ್ಟೆಯ ಚೂರಿಗೆ ಅಂಟಿಸಿ ಡಬ್ಬಿಯಲ್ಲಿ ಹಾಕಿದ್ದಳು. ಎರಡನ್ನೂ ಫ್ರಿಜ್ಜಿನಲ್ಲಿಟ್ಟಳು.

"ಎಂಥದೇ ಅದು?" ಎಂದರು ಅತ್ತೆ.

"ಹೆಪ್ಪು ಇದ್ದ ಹಾಗೆ ಅಜ್ಜಿ. ಚೂರೇ ಚೂರು ಇದ್ರೆ ಸಾಕು, ಕೆಲಸ ಅದೇ ಮಾಡ್ತದೆ."

ಮಾರನೆಯ ಬೆಳಿಗ್ಗೆ ಫ್ರಿಜ್ಜಿನಲ್ಲಿ ಸೀಸೆಯೂ ಇಲ್ಲ, ಡಬ್ಬಿಯೂ ಇಲ್ಲ.

"ನಾನೇ ತೆಗ್ದೆ," ಎಂದರು ಅತ್ತೆ, ಒಲೆಯೊಳಗೆ ಸೌದೆ ದೂಡುತ್ತ. "ಈ ಚಳೀಲಿ ಹೆಪ್ಪನ್ನ ಯಾರಾದ್ರೂ ಫ್ರಿಜ್ಜಲ್ಲಿ ಇಡ್ತಾರಾ ಮಾರಾಯ್ತಿ? ಒಲೆಕಟ್ಟೆ ಮೇಲೆ ಬೆಚ್ಚಗೆ ಇಟ್ಟಿದೀನಿ, ಮೊಸರಿನ ಪಕ್ಕ."

ಸೀಸೆ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ತಿಳಿಯಾಗಿದ್ದ ನೀರು ಒಡೆದ ಹಾಲಿನಂತಾಗಿತ್ತು. ಮಗಳು ಬೈಯಲಿಲ್ಲ, ಅಲ್ಲೇ ನೆಲಕ್ಕೆ ಕುಳಿತಳು. "ಕಾವಿಗೆ ಇದು ಸತ್ತುಹೋಗ್ತದೆ ಅಜ್ಜಿ," ಎಂದಳು, ಅಷ್ಟೇ. ಅತ್ತೆಯವರ ಮುಖ ಸಣ್ಣಗಾಯಿತು. ನಾನು ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದೆ. ನನಗೆ ಗೊತ್ತಿದ್ದುದು ಅದೊಂದೇ.

ಆದರೂ ಅವಳು ಲೋಳೆ ತಂದು ಸೋಸಿದಳು. ಸೀಸೆಯದನ್ನು ಹೊಸ ಬಟ್ಟೆಚೂರಿಗೆ ಹಾಕಿ ಅದ್ದಿದಳು. ತಂತಿಗೆ ಜೋಡಿಸಿದ್ದ ಮೀಟರಿನ ಅಂಕಿ ಅಲುಗಲಿಲ್ಲ. ಕೊನೆಗೆ ಡಬ್ಬಿಯಲ್ಲಿದ್ದ ಹಳೆಯ ಚೂರನ್ನು ಮನಸ್ಸಿಲ್ಲದ ಮನಸ್ಸಿನಿಂದ ಇಳಿಬಿಟ್ಟಳು. ಅಂಕಿ ಮೆಲ್ಲಗೆ ಏರತೊಡಗಿತು. ಏರಿ ನಿಂತಿತು.

"ಬಟ್ಟೆಗೆ ಅಂಟಿಕೊಂಡಿದ್ದು ಕಾವು ತಡ್ಕೊಂಡಿದೆ ಅಮ್ಮ," ಎಂದಳು. "ಸ್ವಲ್ಪ ಕಮ್ಮಿ ಬರ್ತಿದೆ, ಆದ್ರೆ ಬರ್ತಿದೆ."

ಅತ್ತೆ ಮಧ್ಯಾಹ್ನವೆಲ್ಲ ಊಟ ಬಿಟ್ಟು ಆ ಮೀಟರಿನ ಎದುರೇ ಕುಳಿತರು. ನಾನು ಸೊಸೆಯಾಗಿ ಬಂದ ಮೇಲೆ ಅವರು ಏನನ್ನಾದರೂ ಹಾಗೆ ಕಾದು ಕುಳಿತದ್ದನ್ನು ನೋಡಿದ್ದು ಅದೇ ಮೊದಲು. ಅಂಕಿ ಒಂದು ಚೂರು ಇಳಿದರೂ, "ನೋಡೇ, ನೋಡೇ" ಎಂದು ಮಗಳನ್ನು ಕರೆಯುತ್ತಿದ್ದರು.

ಸೋಮವಾರ ಆ ಬಟ್ಟೆಚೂರೇ ಪರೀಕ್ಷಕರ ಮುಂದೆ ನಡೆಯಿತು. ಒಲೆಯ ಕಾವು ತಿಂದೂ ಅದು ಬದುಕಿದ್ದು ಹೇಗೆಂದು ಅವರು ಬಹಳ ಹೊತ್ತು ಕೇಳಿದರಂತೆ. ಇವಳು ಅಜ್ಜಿಯ ಕಥೆಯನ್ನೂ ಸೇರಿಸಿ ಹೇಳಿದಳಂತೆ. ದೇವರು ಒಂದು ಚೂರಿನಷ್ಟಾದರೂ ಉಳಿಸಿಕೊಟ್ಟ.

ಆಮೇಲೆ ಅತ್ತೆ ಇದ್ದಷ್ಟು ದಿನವೂ ಮಗಳು ಏನು ತಂದರೂ ಕೇಳುತ್ತಿದ್ದರು. ಒಮ್ಮೆ ಉಣ್ಣೆಯ ಶಾಲು ತಂದು ಹೊದಿಸಿದಾಗಲೂ ಅದೇ.

"ಇದನ್ನ ಬೆಚ್ಚಗೆ ಇಡೂದಾ, ಫ್ರಿಜ್ಜಲ್ಲಿ ಇಡೂದಾ? ಈಗ್ಲೇ ಹೇಳಿಬಿಡು."