ಕೈ ಎತ್ತದ ಡಿಕ್ಷನರಿ

ನಮ್ಮ ಕೋರ್ಟಿನಲ್ಲಿ ಸ್ಪ್ಯಾನಿಷ್ ಕಾಗದಗಳನ್ನು ಇಂಗ್ಲಿಷಿಗೆ ತಿರುಗಿಸುವ ದುಭಾಷಿಯೊಬ್ಬನಿದ್ದ. ಎಲ್ಲರೂ ಅವನನ್ನು ಡಿಕ್ಷನರಿ ಎನ್ನುತ್ತಿದ್ದರು. ಆ ಹೆಸರಿನಲ್ಲಿದ್ದ ಅಣಕವನ್ನು ಅವನೊಬ್ಬನೇ ಬಿರುದು ಎಂದುಕೊಂಡಿದ್ದ. ಇಸ್ತ್ರಿ ಮುರಿಯದ ಕರಿ ಕೋಟು, ಮೂಗಿನ ತುದಿಗೆ ಕನ್ನಡಕ. ಕೂಲಿ ಜನ ಹತ್ತಿರ ಬಂದರೆ ಬೆಂಚಿನ ಮೇಲೆ ಚೀಲವಿಟ್ಟು ಜಾಗ ತುಂಬಿಸಿಬಿಡುವ ಆಸಾಮಿ.

ಕೋರ್ಟಿನಲ್ಲೊಂದು ಕಟ್ಟಳೆಯಿದೆ. ಪದದ ಅರ್ಥ ತಿಳಿಯದಿದ್ದರೆ ದುಭಾಷಿ ಕೈ ಎತ್ತಿ, ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎನ್ನಬೇಕು. ಒಳ್ಳೆಯ ದುಭಾಷಿಗಳು ದಿನಕ್ಕೆರಡು ಸಲವಾದರೂ ಎತ್ತುತ್ತಾರೆ. ಇವನು ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಎತ್ತಿರಲಿಲ್ಲ, ಅದನ್ನೇ ಕೊಚ್ಚಿಕೊಳ್ಳುತ್ತಿದ್ದ.

"ಮನೇಲೂ ಅಷ್ಟೇ ಕಣ್ರೀ," ಎಂದಿದ್ದಳು ಅವನ ಹೆಂಡತಿ. "ಕೆಟ್ಟ ನಲ್ಲಿ ಬಿಚ್ಚಿ ಅಡುಗೆಮನೇನ ಕೆರೆ ಮಾಡಿದ್ರು. ಆ ನೀರಲ್ಲೇ ನಿಂತ್ಕೊಂಡು, ನಲ್ಲಿ ಸರಿಯಾಗಿದೆ, ನೀರೇ ಜಾಸ್ತಿ ಬರ್ತಿದೆ ಅಂದ್ರು!"

ನಗಬಹುದಾಗಿತ್ತು, ಲಾಂಡ್ರಿ ಅಜ್ಜಿಯ ಕೇಸು ಇವನ ಕೈಗೆ ಬೀಳದಿದ್ದರೆ. ಆಸ್ಪತ್ರೆಯ ಬೆಡ್‌ಶೀಟ್ ಒಗೆಯುವ ಈಕೆ, ಮಗಳು ಸತ್ತ ಮೇಲೆ ಏಳು ವರ್ಷದ ಮೊಮ್ಮಗಳನ್ನು ಸಾಕುತ್ತಿದ್ದಳು. ನಾಲ್ಕು ವರ್ಷ ಮುಖ ತೋರಿಸದ ಅಪ್ಪ ಈಗ ಮಗು ಬೇಕೆಂದು ದಾವೆ ಹೂಡಿದ್ದ. ಅಜ್ಜಿಗಿದ್ದ ಆಧಾರ ತಾನು ಹುಟ್ಟಿದ ದೇಶದ ಕೋರ್ಟಿನ ಸ್ಪ್ಯಾನಿಷ್ ತೀರ್ಪೊಂದೇ. ಅದರಲ್ಲಿ ಎರಡು ಸಾಲು. 'ಪಾತ್ರಿಯಾ ಪೊತೆಸ್ತಾದ್' ಅಪ್ಪನದು. ಅಂದರೆ ಶಾಲೆಗೆ, ಪಾಸ್‌ಪೋರ್ಟಿಗೆ ಸಹಿ ಹಾಕುವ ಹಕ್ಕು. 'ಗ್ವಾರ್ದಾ' ಅಜ್ಜಿಯದು, ಅಂದರೆ ಮಗು ಇರಬೇಕಾದ್ದು ಅವಳ ಮನೆಯಲ್ಲಿ.

ಡಿಕ್ಷನರಿಗೆ ಇವೆರಡರ ವ್ಯತ್ಯಾಸ ಗೊತ್ತಿರಲಿಲ್ಲ. ಕೇಳಿದರೆ ತಲೆಯ ಮೇಲಿನ ಕಿರೀಟ ಬೀಳುತ್ತದಲ್ಲ! ಎರಡೂ ಕಸ್ಟಡಿಯೇ ಎಂದು ತೀರ್ಮಾನಿಸಿದ. ಒಂದೇ ಕಸ್ಟಡಿ ಇಬ್ಬರದಾಗುವುದು ಹೇಗೆ, ತೀರ್ಪು ಬರೆದವನೇ ತಪ್ಪಿದ್ದಾನೆ ಎಂದುಕೊಂಡು ಎರಡನೆಯ ಸಾಲನ್ನು ಅನುವಾದದಲ್ಲಿ ಕೈಬಿಟ್ಟು, ಕಸ್ಟಡಿ ಅಪ್ಪನದು ಎಂದು ಠೀವಿಯ ಇಂಗ್ಲಿಷಿನಲ್ಲಿ ಬರೆದು ಮೊಹರು ಒತ್ತಿದ.

ವಿಚಾರಣೆಯ ದಿನ ಅದನ್ನು ಓದಿದಾಗ ಅಪ್ಪನ ವಕೀಲ ಹಲ್ಲು ಬಿಟ್ಟ. ಅಜ್ಜಿ ತನಗೆ ಕೊಟ್ಟ ಅನುವಾದದ ಪ್ರತಿಯಲ್ಲಿ ಸಾಲು ಎಣಿಸಿ, ಡಿಕ್ಷನರಿಯನ್ನು ಸ್ಪ್ಯಾನಿಷಿನಲ್ಲೇ ಕೇಳಿದಳು, "ಎರಡನೇ ಸಾಲೆಲ್ಲಿ ಸಾರ್?"

"ಸುಮ್ನಿರಮ್ಮ, ಎಲ್ಲಾ ಬಂದಿದೆ."

"ಹತ್ತು ಶೀಟ್ ಒಗೆಯೋಕೆ ಹಾಕಿದ್ರೆ ಹತ್ತೂ ಎಣಿಸಿ ತೆಗೀತೀನಿ. ಎರಡು ಕೊಟ್ಟಿದ್ದೆ, ಒಂದೇ ಬಂದಿದೆ."

"ಕಾನೂನು ನಿನಗೇನು ಗೊತ್ತು?"

"ಗೊತ್ತಿಲ್ಲ. ಹಂಗನ್ನೋಕೆ ನನಗೇನೂ ನಾಚಿಕೆ ಇಲ್ಲ."

ಸೋಪು ತಿಂದ ಕೈಯನ್ನು ಅವಳೇ ಮೇಲೆತ್ತಿದಳು.

"ಏನಂತೆ?" ಎಂದರು ನ್ಯಾಯಾಧೀಶರು.

ತನ್ನ ಮೇಲಿನ ದೂರನ್ನು ತಾನೇ ಅನುವಾದಿಸಬೇಕು. ಡಿಕ್ಷನರಿ ಗಂಟಲು ಸರಿಮಾಡಿಕೊಂಡು ಹೇಳಿದ, "ನೀರು ಬೇಕಂತೆ ಸ್ವಾಮಿ."

ಜವಾನ ಲೋಟ ತಂದ. ಅಜ್ಜಿ ಅದನ್ನು ಪಕ್ಕಕ್ಕೆ ತಳ್ಳಿ, ನೆಟ್ಟಗೆ ಪೀಠದ ಮುಂದೆ ಹೋಗಿ ಎರಡೂ ಕಾಗದ ಜೋಡಿಸಿಟ್ಟಳು. ತೀರ್ಪಿನ ಎರಡನೆಯ ಸಾಲಿನ ಮೇಲೊಂದು ಬೆರಳು, ಅನುವಾದದ ಖಾಲಿ ಜಾಗದ ಮೇಲೊಂದು. ನ್ಯಾಯಾಧೀಶರಿಗೆ ಸ್ಪ್ಯಾನಿಷ್ ಬಾರದಿದ್ದರೂ ಎರಡರವರೆಗೆ ಎಣಿಸಲು ಬರುತ್ತಿತ್ತು. ಪಕ್ಕದ ಕೋರ್ಟಿನ ದುಭಾಷಿ ಹೆಂಗಸನ್ನು ಕರೆಸಿದರು. ಆಕೆ ಅರ್ಧ ಗಂಟೆ ಕೇಳಿ ಪಡೆದು, ಪುಸ್ತಕ ತಿರುವಿ, ಎರಡೂ ಸಾಲನ್ನು ಬೇರೆ ಬೇರೆಯಾಗಿ ಓದಿದಳು. ಮಗು ಅಜ್ಜಿಯ ಬಳಿಯೇ ಇರಲಿ ಎಂದು ಆದೇಶವಾಯಿತು.

ಡಿಕ್ಷನರಿ ಕ್ಷಮೆ ಕೇಳಿದನೇ? ಕೇಳಿದರೆ ಅವನೆಂಥ ಡಿಕ್ಷನರಿ! ಮೆಟ್ಟಿಲ ಬಳಿ ಅಜ್ಜಿಯನ್ನು ತಡೆದು, "ನೋಡಿದ್ಯಾ, ನನ್ನಿಂದ್ಲೇ ನಿನ್ನ ಕೇಸು ಗಟ್ಟಿಯಾಯ್ತು," ಎಂದ.

ಅಜ್ಜಿ ಜೊತೆಗಿದ್ದ ಮೊಮ್ಮಗಳನ್ನು ಎಳೆದುಕೊಂಡು ಓಡಿದಳು. ಬಸ್ಸು ಹೊರಟುನಿಂತಿತ್ತು.