ದಾರಿಗೆ ಅಡ್ಡ ಹಾಕಿದ್ದ ಸೊಪ್ಪು

ನನ್ನ ಮೊಮ್ಮಗಳು ಕೋಲಿಲ್ಲದೆ ನಡೆದಳು. ಹಟ್ಟಿ ಬಾಗಿಲಿಂದ ನಲ್ಲಿಯವರೆಗೆ, ನಲ್ಲಿಯಿಂದ ಮತ್ತೆ ಬಾಗಿಲಿಗೆ. ನಾನು ಹಿಟ್ಟಿನ ಕೈಯಲ್ಲೇ ಬೀದಿಗೆ ಓಡಿ ಕಂಡ ಕಂಡವರಿಗೆಲ್ಲ ಹೇಳಿದೆ. ಪಕ್ಕದ ಮನೆಯಾಕೆ, "ನಡೆದದ್ದು ಅವ್ಳು, ಕುಣಿಯೋದು ನೀನಾ? ಸೊಂಟ ಉಳುಕೀತು ನೋಡಮ್ಮೋ" ಎಂದಳು. ಉಳುಕಲಿ ಬಿಡು ಎಂದೆ. ಆ ಮಗುವಿನ ಕಾಲನ್ನು ಏಳು ತಿಂಗಳು ಜೋಪಾನ ಮಾಡಿದವಳು ನಾನು. ಹತ್ತೊಂಬತ್ತು ತುಂಬಿದೆ, ಆದರೂ ನನಗೆ ಮಗುವೇ.

ಆ ಖುಷಿಯಲ್ಲೇ ಅವಳು ಒಂದು ಮಾತಾಡಿದಳು. "ಅಜ್ಜಿ, ಕಾಲ್ ಬಂತಲ್ಲ. ಧನಗೆರೆಗೆ ಓಗಾನ. ತಾತನ ಕಾಲಿಗ್ ಬಿದ್ದು ತಪ್ಪಾಯ್ತು ಅಂದ್ಬುಟ್ಟು ಬತ್ತೀನಿ."

ಧನಗೆರೆಯ ತಾತ ಎಂದರೆ ನನ್ನ ತಂಗಿಯ ಗಂಡ. ತಂಗಿ ಈಗಿಲ್ಲ. ಮೊಮ್ಮಗಳ ಕಾಲು ಮುರಿದ ಜಾಗದಲ್ಲೇ, ಅದೇ ಗಳಿಗೆಯಲ್ಲಿ ಅವಳು ಹೋದಳು. ಹುಡುಗಿ ಕೇಳಲು ಹೊರಟಿದ್ದ ಕ್ಷಮೆ ನಾನು ಕೇಳಬೇಕಾದ್ದು. ಅದು ನನಗೊಬ್ಬಳಿಗೇ ಗೊತ್ತಿತ್ತು.

ನಾವು ಶಾಗ್ಯದವರು. ವರ್ಷಕ್ಕೊಂದು ಸಲ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುತ್ತೇವೆ. ತಾಳಬೆಟ್ಟ ದಾಟಿದ ಮೇಲೆ ಕಾಲುದಾರಿ ಬಹಳ ಕಡಿದು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಹಳ್ಳ. ನಡುನಡುವೆ ದನ ತುಳಿದ ದಾರಿಗಳು ಕವಲೊಡೆಯುತ್ತವೆ, ನೋಡುವುದಕ್ಕೆ ಅವೇ ಸಲೀಸು. ಅದಕ್ಕೇ ಮುಂದೆ ಹೋದವರು ತಪ್ಪು ದಾರಿಯ ಬಾಯಿಗೆ ಹಸಿ ಸೊಪ್ಪಿನ ಕೊಂಬೆ ಅಡ್ಡ ಹಾಕಿ ಮೇಲೊಂದು ಕಲ್ಲಿಡುತ್ತಾರೆ. ಹಿಂದಿನವರು ಅದನ್ನು ದಾಟುವುದಿಲ್ಲ. ಕವಲು ದಾಟಿ ಮೇಲಿನ ತಿರುವಿನಲ್ಲಿ ಇನ್ನೊಂದು ಪದ್ಧತಿ. ಅಲ್ಲೊಂದು ಸೊಪ್ಪಿನ ಗುಡ್ಡೆ. ಕಾಲುನೋವು ಇಲ್ಲೇ ಉಳಿಯಲಿ ಎಂದು ಪ್ರತಿಯೊಬ್ಬರೂ ಒಂದಿಷ್ಟು ಸೊಪ್ಪು, ಒಂದು ಕಲ್ಲು ಹಾಕಿ ಕೈಮುಗಿಯುತ್ತಾರೆ.

ಆವತ್ತು ತಂಗಿಯ ಅಂಗಾಲಲ್ಲಿ ಬೊಬ್ಬೆ ಎದ್ದಿತ್ತು. ಮೊಮ್ಮಗಳು ಕೈ ಹಿಡಿದು ನಡೆಸುತ್ತಿದ್ದಳು.

"ಲೇ, ಬಿರ್ರನೆ ಬಾರೇ. ಮದ್ವೆ ಎಣ್ಣಿನಂಗೆ ಬತ್ತಾವ್ಳೆ" ಎಂದು ರೇಗಿಸಿದೆ.

"ನೀ ಓಗಕ್ಕ. ಮಾದಪ್ಪ ಕೇಳಿದ್ರೆ, ತಂಗಿ ತೆವಳ್ಕಂಡ್ ಬತ್ತಾವ್ಳೆ, ಬಾಗ್ಲು ಆಕ್ಬೇಡ ಅಂತೇಳು" ಎಂದು ನಕ್ಕಳು. ಅವಳು ನನ್ನೊಂದಿಗೆ ಆಡಿದ ಕೊನೆಯ ಮಾತು ಅದು.

ಅವರನ್ನು ಬಿಟ್ಟು ನಾನು ಮುಂದೆ ನಡೆದೆ. ಕವಲಿನ ಹತ್ತಿರ ಹೂವಿನ ಸಮೇತ ಒಂದು ತಂಗಡಿ ಕೊಂಬೆ ಬಿದ್ದಿತ್ತು, ಮೇಲೆ ಕಲ್ಲು. ನನ್ನ ಮಂಡಿ ಸಿಡಿಯುತ್ತಿತ್ತು. ಗುಡ್ಡೆಗೆ ಸೊಪ್ಪು ಮುರಿಯೋಣವೆಂದರೆ ಸುತ್ತ ಬರೀ ಮುಳ್ಳು. ಯಾರೋ ಗುಡ್ಡೆಗೆ ಒಯ್ಯುತ್ತಿದ್ದವರು ಸುಸ್ತಾಗಿ ಇಟ್ಟುಹೋಗಿದ್ದಾರೆ, ಕಲ್ಲೂ ಜೊತೆಗೇ ಸಿಕ್ಕಿತಲ್ಲ ಎಂದುಕೊಂಡೆ. ನಲವತ್ತು ವರ್ಷ ಆ ದಾರಿ ನಡೆದವಳಿಗೆ ಅದೊಂದು ಗಳಿಗೆ ಬುದ್ಧಿ ಎಲ್ಲಿ ಹೋಗಿತ್ತೋ. ಎರಡನ್ನೂ ಎತ್ತಿಕೊಂಡು ಹೋಗಿ ಗುಡ್ಡೆಗೆ ಹಾಕಿ, ಬಂಡೆ ನೆರಳಲ್ಲಿ ಕುಳಿತು ಇಬ್ಬರಿಗೂ ಕಾದೆ.

ಅವರು ಬರಲಿಲ್ಲ. ಕೂಗು ಕೇಳಿಸಿತು.

ಅಡ್ಡ ಏನೂ ಇಲ್ಲವೆಂದು ಇಬ್ಬರೂ ದನದ ದಾರಿ ಹಿಡಿದಿದ್ದರು. ಅದು ಮುಗಿಯುವುದು ಸಡಿಲ ಜಲ್ಲಿಯ ಇಳಿಜಾರಿನಲ್ಲಿ. ತಂಗಿ ಜಾರಿದಳು, ಹುಡುಗಿ ಕೈ ಬಿಡದೆ ಅವಳ ಜೊತೆಗೇ ಹೋದಳು. ಹಿಂದೆ ಬರುತ್ತಿದ್ದ ಗಂಡಸರು ಕಂಬಳಿಯಲ್ಲಿ ಒಬ್ಬೊಬ್ಬರನ್ನೇ ಹೊತ್ತು ಮೇಲೆ ತಂದರು. ಮೊಮ್ಮಗಳ ಮುಷ್ಟಿ ಬಿಡಿಸಿದರೆ ಒಳಗೆ ತಂಗಿಯ ಬಳೆಯ ಚೂರುಗಳು.

ತಿಥಿಯ ದಿನ ಜನ ಮಾತಾಡಿಕೊಂಡರು. "ಪೋಟ ತಗಿಯಕ್ಕೆ ಓಗಿರ್ತಾಳೆ ಕಣ್ಲಾ. ಈಗಿನ್ ಐಕ್ಳಿಗೆ ಪೋನ್ ಇದ್ರೆ ಕಣ್ಣೇ ಕಾಣಕಿಲ್ಲ."

ಆವತ್ತು ಬೆಟ್ಟದ ದಾರಿಯಲ್ಲಿ ನಮಗಿಂತ ಮುಂದೆ ನಡೆದಿದ್ದವನು, "ನನ್ ಕೈಯಾರೆ ಸೊಪ್ಪು ಆಕಿದ್ದೆ. ತುಳ್ಕಂಡು ಓಗವ್ಳೆ" ಎಂದ.

"ಸೊಪ್ಪು ಇರ್ನಿಲ್ಲ" ಎಂದು ಹುಡುಗಿ ಮನೆಗೆ ಬಂದವರಿಗೆಲ್ಲ ಮಂಚದಿಂದಲೇ ಹೇಳುತ್ತಿದ್ದಳು. ಯಾರೂ ನಂಬಲಿಲ್ಲ. ತಿಂಗಳು ಕಳೆದಂತೆ ಅವಳೂ ನಂಬುವುದನ್ನು ಬಿಟ್ಟಳು. "ಅಜ್ಜಿ, ಇತ್ತೇನೋ. ನನ್ ಕಣ್ಣಿಗೇ ಬೀಳ್ನಿಲ್ವೇನೋ" ಎಂದು ಒಂದು ದಿನ ಕೇಳಿದಳು. "ಗಂಜಿ ಆರೋಯ್ತದೆ, ಕುಡಿ ಮಗ" ಎಂದೆ. ಹೇಳಿದರೆ ನನ್ನನ್ನು ಬಿಟ್ಟುಬಿಡುತ್ತಾಳೆ ಎಂಬ ಹೆದರಿಕೆ. ಅವಳು ನಡೆಯುವಂತಾಗಲಿ, ಆಮೇಲೆ ಹೇಳೋಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಈಗ ನಡೆದಳಲ್ಲ.

ಧನಗೆರೆಗೆ ಹೋದಾಗ ತಂಗಿಯ ಗಂಡ ಅಂಗಳದಲ್ಲಿ ಅರಿಸಿನ ಒಣಹಾಕುತ್ತಿದ್ದರು. ಹುಡುಗಿ ಬಗ್ಗಲಾರದೆ ಬಗ್ಗಿದಳು. ನಾನು ಭುಜ ಹಿಡಿದು ನಿಲ್ಲಿಸಿದೆ.

"ಬೀಳ್ಬೇಡ ಕಣವ್ವ. ನೀ ಏಳಿದ್ದೇ ದಿಟ. ಅಲ್ಲಿ ಸೊಪ್ಪು ಇರ್ನಿಲ್ಲ. ನಾನೇ ಎತ್ಕಂಡು ಓಗಿ ಗುಡ್ಡೆಗೆ ಆಕ್ಬುಟ್ಟಿದ್ದೆ."

ಅವರು ಕೈಯಲ್ಲಿದ್ದ ಅರಿಸಿನ ಕೆಳಗಿಟ್ಟರು. ಆಮೇಲೆ, "ಅವ್ಳು ಓಗಿದ್ದು ಅಂಗಿರ್ಲಿ ಅತ್ಗೆ. ಏಳ್ ತಿಂಗ್ಳು ನಿನ್ ತಪ್ಪ ಈ ಮಗಿನ ತಲೆ ಮೇಲೆ ಒರ್ಸಿದ್ಯಲ್ಲ, ಎಂಗ್ ಉಣ್ತಿದ್ದೆ ನೀನು?" ಎಂದರು.

ಅವರು ಹುಡುಗಿಯ ಕೈ ಹಿಡಿದು, "ಬಾರವ್ವ ಒಳಿಕೆ. ನಿಮ್ ಚಿಕ್ಕಜ್ಜಿ ಕೈಯ ನೀನಾದ್ರೂ ಬಿಡ್ನಿಲ್ಲ" ಎಂದು ಕರೆದುಕೊಂಡು ಹೋದರು. ನನ್ನನ್ನು ಕರೆಯಲಿಲ್ಲ. ಅಂಗಳದಲ್ಲೇ ಕುಳಿತೆ. ಒಳಗೆ ಇಬ್ಬರೂ ಅಳುವುದು ಕೇಳುತ್ತಿತ್ತು.

ವಾಪಸು ಬರುವಾಗ ಅವಳು ಮುಂದೆ ಮುಂದೆ ನಡೆದಳು, ಎಡಗಾಲು ಸ್ವಲ್ಪ ಎಳೆಯುತ್ತ. ನನಗಾಗಿ ನಿಲ್ಲಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಟ್ಟುಕೊಂಡಳು. ನಾನು ಹಿಂದೆ ಹೋಗಿ ಕುಳಿತೆ. ಕೊಳ್ಳೇಗಾಲ ದಾಟುತ್ತಿದ್ದಂತೆ ಅವಳ ಅವ್ವನಿಗೆ ಫೋನ್ ಮಾಡಿದಳು. "ಅವ್ವ, ಎಲ್ಲಾರ್ಗೂ ಏಳು. ನಾನ್ ನೋಡಿದ್ದು ಸರಿಯಾಗೇ ಇತ್ತು ಕಣವ್ವ" ಎಂದಳು. ಇಡೀ ಬಸ್ಸಿಗೆ ಕೇಳುವಷ್ಟು ಗಟ್ಟಿಯಾಗಿ.

ಏಳು ತಿಂಗಳಾಗಿತ್ತು, ಆ ಮಗುವಿಗೆ ಅಷ್ಟು ದೊಡ್ಡ ದನಿ ಇದೆಯೆಂಬುದೇ ನನಗೆ ಮರೆತುಹೋಗಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಸಂತೋಷಕ್ಕೂ ಅತ್ತೆ. ಮನೆ ಬರುವವರೆಗೂ ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ.